ಎಣ್ಣೆ ಹನಿಯಿಂದ ಗೆಲಿಲಿಯೋವರೆಗೆ

ಎಣ್ಣೆ ಅಂದ ತಕ್ಷಣ ನಗಬೇಡಿ, ನಾನು ಹೇಳ್ತಿರೋದು ಪೆಟ್ರೋಲಿಯಂ ಬಗ್ಗೆ! 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ವಿಶ್ವ ಮೇಳ ನಡೆಯಿತು. ನಾಳೆಯ ಜಗತ್ತು ಹೇಗಿರುತ್ತೆ ಅಂತ ತೋರಿಸೋದೇ ಅದರ ಥೀಮ್. ದೊಡ್ಡ ಕಂಪನಿಗಳು ಅಲ್ಲಿ ಬರೀ ಸ್ಟಾಲ್ ಹಾಕಲಿಲ್ಲ, ಕಟ್ಟಡಗಳನ್ನೇ ಕಟ್ಟಿದ್ದವು. ಆ ಮೇಳಕ್ಕೆ ಬಂದವರಿಗೆ ತೋರಿಸಲು ಅಮೆರಿಕದ ತೈಲ ಉದ್ಯಮ ಒಂದು ಪುಟ್ಟ ಫ್ಯಾಂಟಸಿ ಸಿನಿಮಾ ಮಾಡಿಸಿತು. ಅದರ ಹೆಸರು ‘ಪೀಟ್ ರೋಲಿಯಂ ಅಂಡ್ ಹಿಸ್ ಕಸಿನ್ಸ್’. ಸ್ವಲ್ಪ ಬೇಗ ಓದಿ ನೋಡಿ, ಪೆಟ್ರೋಲಿಯಂ ಅಂತಲೇ ಕೇಳಿಸುತ್ತೆ.

ಇದರಲ್ಲಿ ಹೀರೋ ಒಂದು ಎಣ್ಣೆ ಹನಿ. ಕೈ, ಕಾಲು, ಮುಖ ಇರೋ ಹನಿ ಬೊಂಬೆಗಳು ತಾವಿಲ್ಲದಿದ್ದರೆ ಜನರ ಬದುಕು ಹೇಗೆ ನಿಂತುಹೋಗುತ್ತೆ ಅಂತ ಹೇಳುತ್ತವೆ. ಆಗ ಕಂಪ್ಯೂಟರ್ ಎಲ್ಲಿತ್ತು? ಬೊಂಬೆಯನ್ನು ಚೂರೇ ಚೂರು ಕದಲಿಸಿ ಒಂದು ಚಿತ್ರ ತೆಗೆಯಬೇಕು, ಮತ್ತೆ ಕದಲಿಸಿ ಇನ್ನೊಂದು. ಪರದೆ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಒಂದು ನಿಮಿಷಕ್ಕೆ 1440! ಈ ಸ್ಟಾಪ್ ಮೋಷನ್ ಕೆಲಸ ಮಾಡಿದವರು ಚಾರ್ಲಿ ಬೋವರ್ಸ್. ಸಿನಿಮಾದ ನಿರ್ದೇಶಕರು 30 ವರ್ಷದ ಜೋಸೆಫ್ ಲೋಸಿ. ಇದು ಅವರ ಮೊದಲ ಸಿನಿಮಾ.

ಲೋಸಿ ಹುಟ್ಟಿದ್ದು 1909ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಊರಿನಲ್ಲಿ. ಡಾಕ್ಟರ್ ಆಗಬೇಕು ಅಂತ ಡಾರ್ಟ್‌ಮತ್ ಕಾಲೇಜಿಗೆ ಸೇರಿದವರು ನಾಟಕದ ಹುಚ್ಚು ಹತ್ತಿಸಿಕೊಂಡರು. (ಬ್ರಾಂಚ್ ಚೇಂಜ್ ಅಂದ್ರೆ ಇದು!) 1935ರಲ್ಲಿ ಮಾಸ್ಕೋಗೆ ಹೋಗಿ ಅಲ್ಲಿನ ರಂಗಭೂಮಿ ನೋಡಿ ಬಂದರು. 1936ರಲ್ಲಿ ಸರ್ಕಾರಿ ನಾಟಕ ಯೋಜನೆಯಲ್ಲಿ, ಕೋರ್ಟುಗಳು ಕಾರ್ಮಿಕರನ್ನು ಹೇಗೆ ನಡೆಸಿಕೊಂಡವು ಅಂತ ತೋರಿಸುವ ನಾಟಕ ಮಾಡಿಸಿದರು. ಅದು ತೀರಾ ಎಡಪಂಥೀಯವಾಯಿತು ಅಂತ ಮೇಲಿನವರು ಆಕ್ಷೇಪಿಸಿದಾಗ ಯೋಜನೆಯನ್ನೇ ಬಿಟ್ಟು ಹೊರಬಂದರು.

ಇಂಥವರು ಮೂರು ವರ್ಷದ ನಂತರ ತೈಲ ಕಂಪನಿಗಳ ದುಡ್ಡಲ್ಲಿ ಸಿನಿಮಾ ಮಾಡಿದರು. ಅದಕ್ಕೆ ಸಂಗೀತ ಕೊಟ್ಟವರಲ್ಲಿ ಒಬ್ಬರು ಹಾನ್ಸ್ ಐಸ್ಲರ್, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಎಡಪಂಥೀಯ. ಬಂಡವಾಳ ತೈಲ ಉದ್ಯಮದ್ದು, ಕೆಲಸ ಎಡಪಂಥೀಯರದ್ದು! ಇದು ಸರಿಯಾ ತಪ್ಪಾ ಅಂತ ಪ್ಲೇಸ್‌ಮೆಂಟ್‌ಗೆ ರೆಡಿಯಾಗುತ್ತಿರುವ ನಾವು ಬೇಗ ತೀರ್ಪು ಕೊಡದಿರೋದೇ ವಾಸಿ. ಮುಂದಿನ ಕತೆ ಕೇಳಿ.

1947ರಲ್ಲಿ ಲೋಸಿ ಲಾಸ್ ಏಂಜಲೀಸ್‌ನಲ್ಲಿ ಬ್ರೆಕ್ಟ್ ಬರೆದ ಗೆಲಿಲಿಯೋ ನಾಟಕ ಮಾಡಿಸಿದರು. ಸತ್ಯ ಗೊತ್ತಿದ್ದೂ, ಅಧಿಕಾರಕ್ಕೆ ಹೆದರಿ ತನ್ನ ಮಾತನ್ನೇ ಹಿಂತೆಗೆದುಕೊಳ್ಳುವ ವಿಜ್ಞಾನಿಯ ಕತೆ ಅದು. ಅದೇ ವರ್ಷ ಅಮೆರಿಕದ ಸಂಸತ್ತಿನ ಒಂದು ಸಮಿತಿ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಶುರುಮಾಡಿತ್ತು. ಬ್ರೆಕ್ಟ್ ಅವರನ್ನೂ ಕರೆಸಿ ಪ್ರಶ್ನೆ ಮಾಡಿದರು. ಮರುದಿನವೇ ಅವರು ದೇಶ ಬಿಟ್ಟರು. 1948ರಲ್ಲಿ ಐಸ್ಲರ್ ಕೂಡ ಹೋಗಬೇಕಾಯಿತು.

ಅದೇ 1948ರಲ್ಲಿ ಲೋಸಿಯ ಮೊದಲ ಪೂರ್ಣ ಪ್ರಮಾಣದ ಸಿನಿಮಾ ಬಂತು, ‘ದ ಬಾಯ್ ವಿತ್ ಗ್ರೀನ್ ಹೇರ್’. ಇದೂ ಫ್ಯಾಂಟಸಿಯೇ. ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗನ ಕೂದಲು ಒಂದು ದಿನ ಹಸಿರಾಗುತ್ತೆ. ಬೇರೆ ಥರ ಕಾಣ್ತಾನೆ ಅನ್ನೋದೇ ತಪ್ಪಾಗಿ, ಊರವರ ಒತ್ತಾಯಕ್ಕೆ ಅವನ ತಲೆ ಬೋಳಿಸುತ್ತಾರೆ. ಸ್ಟುಡಿಯೋ ಅಷ್ಟರಲ್ಲಿ ವಿಮಾನ ಉದ್ಯಮಿ ಹೋವರ್ಡ್ ಹ್ಯೂಸ್ ಕೈಗೆ ಬಂದಿತ್ತು. ಯುದ್ಧ ಬೇಡ ಅನ್ನೋ ಸಂದೇಶವನ್ನು ಬದಲಾಯಿಸಲು ಅವರು ಪ್ರಯತ್ನಪಟ್ಟರು, ಆದ್ರೆ ಅದು ಉಳಿದುಕೊಂಡಿತು.

ಕೊನೆಗೆ 1951ರಲ್ಲಿ ಲೋಸಿಯ ಸರದಿ ಬಂತು. ಅವರು 1946ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದು ನಿಜ. ಸಮಿತಿ ಮುಂದೆ ಸಾಕ್ಷಿ ಹೇಳಿದವರು ಅವರ ಹೆಸರು ಎತ್ತಿದರು. ಆ ಕಾಲದಲ್ಲಿ ಪಾರಾಗೋಕೆ ಒಂದೇ ದಾರಿ: ಸಮಿತಿ ಮುಂದೆ ಹೋಗಿ, ತಪ್ಪಾಯ್ತು ಅಂತ ಹೇಳಿ, ಗೆಳೆಯರ ಹೆಸರುಗಳನ್ನು ಕೊಡೋದು. ಲೋಸಿ ಕೊಡಲಿಲ್ಲ. ಸಿನಿಮಾ ಮಾಡಲು ಇಟಲಿಗೆ ಹೊರಟುಹೋದರು. 1952ರಲ್ಲಿ ವಾಪಸ್ ಬಂದು ನೋಡಿದರೆ ಅಮೆರಿಕದಲ್ಲಿ ಯಾರೂ ಕೆಲಸ ಕೊಡಲಿಲ್ಲ. ಕಪ್ಪುಪಟ್ಟಿ ಅಂದ್ರೆ ಅದೇ. ಮುಂದಿನ ವರ್ಷ ಲಂಡನ್ ಸೇರಿದರು.

ಲಂಡನ್‌ನಲ್ಲೂ ಸುಲಭ ಇರಲಿಲ್ಲ. 1954ರ ‘ದ ಸ್ಲೀಪಿಂಗ್ ಟೈಗರ್’ ನಿರ್ದೇಶಿಸಿದ್ದು ಲೋಸಿ, ಪರದೆ ಮೇಲೆ ಬಂದ ಹೆಸರು ವಿಕ್ಟರ್ ಹ್ಯಾನ್‌ಬರಿ. 1956ರ ಇನ್ನೊಂದು ಚಿತ್ರದಲ್ಲಿ ಅವರು ಜೋಸೆಫ್ ವಾಲ್ಟನ್ ಆದರು. ಬೇರೆಯವರ ಹೆಸರು ಹೇಳದವರಿಗೆ ತಮ್ಮ ಹೆಸರೇ ಹಾಕಿಕೊಳ್ಳೋಕೆ ಆಗಲಿಲ್ಲ ನೋಡಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಬಿಟ್ಟುಹೋದರೆ ನಾವು ಎಷ್ಟು ಜಗಳ ಆಡ್ತೀವಿ!

1957ರಲ್ಲಿ ಅವರ ಸ್ವಂತ ಹೆಸರು ಪರದೆಗೆ ಮರಳಿತು. 1963ರಲ್ಲಿ ‘ದ ಸರ್ವೆಂಟ್’ ಬಂತು. 1971ರಲ್ಲಿ ‘ದ ಗೋ-ಬಿಟ್ವೀನ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. 1975ರಲ್ಲಿ, ಮೊದಲ ಪ್ರದರ್ಶನ ಕಳೆದು 28 ವರ್ಷವಾದ ಮೇಲೆ, ಅದೇ ಗೆಲಿಲಿಯೋ ನಾಟಕ ಅವರ ಕೈಯಲ್ಲಿ ಸಿನಿಮಾ ಆಯಿತು. 1984ರ ಜೂನ್ 22ರಂದು ಲಂಡನ್‌ನಲ್ಲಿ ಲೋಸಿ ತೀರಿಕೊಂಡರು.

ಎಣ್ಣೆ ಹನಿ ಸಿನಿಮಾ ಈಗಲೂ ಇಂಟರ್ನೆಟ್‌ನಲ್ಲಿ ನೋಡಲು ಸಿಗುತ್ತೆ. ತಮಾಷೆಯಾಗಿದೆ, ಕೆಲಸ ಅಚ್ಚುಕಟ್ಟಾಗಿದೆ. ಲೋಸಿ ತಮ್ಮ ಕಲೆಯನ್ನು ತೈಲ ಉದ್ಯಮಕ್ಕೆ ಬಾಡಿಗೆಗೆ ಕೊಟ್ಟರು, ಗೆಳೆಯರನ್ನು ಮಾತ್ರ ಯಾರಿಗೂ ಮಾರಲಿಲ್ಲ. ನಮ್ಮ ಮೊದಲ ಆಫರ್ ಲೆಟರ್ ಯಾವ ಕಂಪನಿಯದ್ದೇ ಇರಲಿ, ಸೈನ್ ಮಾಡೋ ಮೊದಲು ಆ ಗೆರೆ ನಮಗೆ ಎಲ್ಲಿದೆ ಅಂತ ಒಮ್ಮೆ ಯೋಚಿಸೋಣ.