ಹ್ಯಾನ್ಸ್ ಬರ್ಗರ್: ಒಂದೇ ಕಾಗದದ ಮೇಲೆ ಮಿದುಳು, ಹೃದಯ, ಕಾಲ

ಹತ್ತನೇ ತರಗತಿಯ ನರವ್ಯೂಹದ ಪಾಠಕ್ಕೆ ಪೂರಕವಾಗಿ ನಾನು ಹೇಳುವ ಜೀವನಕಥೆ ಹ್ಯಾನ್ಸ್ ಬರ್ಗರ್ ಅವರದು. ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದವರು ಅವರು. ಆದರೆ ಆ ಅಲೆ ಮಿದುಳಿನದೇ ಎಂದು ಅವರಿಗೆ ಹೇಗೆ ಗೊತ್ತಾಯಿತು? ಕಥೆಯನ್ನು ನಾನು ಈ ಪ್ರಶ್ನೆಯ ಸುತ್ತಲೇ ಕಟ್ಟುತ್ತೇನೆ.

ಬರ್ಗರ್ 1873ರ ಮೇ 21ರಂದು ಜರ್ಮನಿಯ ಕೋಬುರ್ಗ್ ಬಳಿಯ ನೋಯ್ಸೆಸ್‌ನಲ್ಲಿ ಹುಟ್ಟಿದರು. ಸೈನಿಕ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಚಕ್ರಕ್ಕೆ ಸಿಕ್ಕದೆ ಸ್ವಲ್ಪದರಲ್ಲೇ ಬದುಕಿದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನ ಬಗ್ಗೆ ಕಳವಳ ಹುಟ್ಟಿ, ಕ್ಷೇಮ ವಿಚಾರಿಸಿ ತಂದೆಯಿಂದ ತಂತಿ ಬಂತು. ಇದು ಮನಸ್ಸಿನಿಂದ ಮನಸ್ಸಿಗೆ ಹರಿದ ಶಕ್ತಿಯೆಂದು ಅವರು ನಂಬಿದರು. ಆ ನಂಬಿಕೆ ಕೊನೆಗೂ ಸಾಬೀತಾಗಲಿಲ್ಲ. ಆದರೆ ಅದೇ ಅವರನ್ನು ಮಿದುಳಿನ ಅಧ್ಯಯನಕ್ಕೆ ಎಳೆಯಿತು. ಯೇನಾ ನಗರದಲ್ಲಿ ವೈದ್ಯಶಾಸ್ತ್ರ ಓದಿ, 1897ರಲ್ಲಿ ಅಲ್ಲಿನ ಮನೋರೋಗ ಚಿಕಿತ್ಸಾಲಯ ಸೇರಿ, 1919ರಲ್ಲಿ ಅದರ ಮುಖ್ಯಸ್ಥರಾದರು.

1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗಾಗಿ ತಲೆಬುರುಡೆಯ ಮೂಳೆ ತೆಗೆದಿದ್ದ 17 ವರ್ಷದ ಹುಡುಗನೊಬ್ಬನಲ್ಲಿ ಅವರಿಗೆ ಸಣ್ಣ ಕಂಪನ ಕಂಡಿತು. ಅದನ್ನು ಪ್ರಕಟಿಸಿದ್ದು 1929ರಲ್ಲಿ. ನಡುವಿನ ಐದು ವರ್ಷ ಹೋದದ್ದು ಸಂಶಯಕ್ಕೆ. ಆ ಸಂಕೇತ ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತರಷ್ಟು ಮಾತ್ರ. ಹೃದಯ ಬಡಿತ, ರಕ್ತನಾಳದ ಮಿಡಿತ, ಸ್ನಾಯುವಿನ ಅದುರು, ಯಾವುದೂ ಅದರ ವೇಷ ಹಾಕಿ ಬರಬಹುದಿತ್ತು.

ಬರ್ಗರ್ ಕಂಡುಕೊಂಡ ದಾರಿ ಸರಳ. ಓಡುವ ಛಾಯಾಚಿತ್ರ ಕಾಗದದ ಮೇಲೆ ಮಿದುಳಿನ ಗೆರೆ, ಅದರ ಜೊತೆಗೇ ಹೃದಯದ ಗೆರೆ, ಕೆಳಗೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಗುರುತಿಸುವ ಕಾಲದ ಗೆರೆ. ಮೂರೂ ಒಟ್ಟಿಗೆ ಮೂಡಿದ್ದರಿಂದ ಹೋಲಿಕೆ ಸಾಧ್ಯವಾಯಿತು. ಹೃದಯ ಸೆಕೆಂಡಿಗೆ ಸುಮಾರು ಒಮ್ಮೆ ಬಡಿದರೆ, ಕಣ್ಣು ಮುಚ್ಚಿ ಕುಳಿತವರ ಮಿದುಳಿನಲ್ಲಿ ಸುಮಾರು ಹತ್ತು ಅಲೆ. ಇವನ್ನು ಅವರು ಆಲ್ಫಾ ಎಂದು ಕರೆದರು. ಕೈ ಮುಟ್ಟಿದ ಕ್ಷಣವನ್ನೂ ದಾಖಲೆಯಲ್ಲಿ ಗುರುತಿಸಿ ನೋಡಿದಾಗ, ಆ ಗುರುತಿನ ಬೆನ್ನಿಗೇ ಆಲ್ಫಾ ಕುಗ್ಗುತ್ತಿತ್ತು. ಮಗ ಕ್ಲಾಸ್ ಕೂಡ ಅನೇಕ ಬಾರಿ ಈ ಪ್ರಯೋಗಗಳಿಗೆ ತಲೆ ಒಡ್ಡಿದ. ಆದರೂ ಹಲವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೇ ಮಾಡಿ ನೋಡಿ ದೃಢಪಡಿಸಿದ ಮೇಲೆ ಜಗತ್ತು ಒಪ್ಪಿತು.

ಕಥೆಯ ಕೊನೆಯನ್ನು ನಾನು ಮರೆಮಾಚುವುದಿಲ್ಲ. ನಾಜಿ ಆಳ್ವಿಕೆಯಲ್ಲಿ, ರೋಗಿಗಳಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಿಸುವುದನ್ನು ತೀರ್ಮಾನಿಸುತ್ತಿದ್ದ ನ್ಯಾಯಾಲಯದಲ್ಲಿ ಬರ್ಗರ್ ಸದಸ್ಯರಾಗಿದ್ದರು. 1938ರಲ್ಲಿ ನಿವೃತ್ತರಾಗಿ, ಖಿನ್ನತೆಯಲ್ಲಿ ನರಳಿ, 1941ರ ಜೂನ್ 1ರಂದು ಆತ್ಮಹತ್ಯೆ ಮಾಡಿಕೊಂಡರು. ಪ್ರಯೋಗದಲ್ಲಿ ಅಷ್ಟು ಎಚ್ಚರವಿದ್ದವರು ರೋಗಿಗಳ ಹಕ್ಕಿನ ವಿಷಯದಲ್ಲಿ ಹಾಗಿರಲಿಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು.

ಅವರ ಕಾಲದ ಗೆರೆ ಇಂದಿಗೂ ಬೇಕು. ಈಗ ಇಇಜಿ ಯಂತ್ರ ಒಂದು, ಬೆಳಕು ಮಿನುಗಿಸುವ ಅಥವಾ ಕೈಚಲನೆ ಅಳೆಯುವ ಸಂವೇದಕ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗಡಿಯಾರ. ಅದಕ್ಕಾಗಿ ಘಟನೆ ನಡೆದ ಕ್ಷಣದಲ್ಲೇ ಒಂದು ವಿದ್ಯುತ್ ಮಿಡಿತವನ್ನು ಇಇಜಿ ದಾಖಲೆಗೂ ಕಳಿಸುತ್ತಾರೆ. ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡು ಸರಿಯುತ್ತದೆ. ಆದ್ದರಿಂದ ಆರಂಭದಲ್ಲಿ ಒಮ್ಮೆ ಹೊಂದಿಸಿದರೆ ಸಾಲದು. ಕೊನೆಯಲ್ಲೂ ಗುರುತು ಬೇಕು.

ಚಟುವಟಿಕೆ: ಗ್ರಾಫ್ ಹಾಳೆಯಲ್ಲಿ ಸೆಕೆಂಡಿಗೆ ಹತ್ತು ಅಲೆ ಬರೆಸಿ, ಕೆಳಗೆ ಕಾಲದ ಗೆರೆ ಎಳೆಸಬೇಕು. ಅಲೆಯ ಶಿಖರದ ನೇರಕ್ಕೆ ಘಟನೆಯ ಗುರುತು ಹಾಕಿಸಿ, ಅದನ್ನು 50 ಮಿಲಿಸೆಕೆಂಡು ಬಲಕ್ಕೆ ಸರಿಸಲು ಹೇಳಬೇಕು.

ಮೌಲ್ಯಮಾಪನ ಪ್ರಶ್ನೆ: ಗುರುತು ಈಗ ಅಲೆಯ ಯಾವ ಭಾಗದ ನೇರಕ್ಕೆ ಬಂದಿದೆ? ಕಾಲದ ಗೆರೆ ಇಲ್ಲದಿದ್ದರೆ ಈ ತಪ್ಪು ನಿಮಗೆ ತಿಳಿಯುತ್ತಿತ್ತೇ?