ಇಷ್ಮಾಯೆಲ್ ಬರ್ನಾಲ್

ಇಷ್ಮಾಯೆಲ್ ಬರ್ನಾಲ್ (30 ಸೆಪ್ಟೆಂಬರ್ 1938 – 2 ಜೂನ್ 1996) ಫಿಲಿಪೀನ್ಸ್ ದೇಶದ ಚಲನಚಿತ್ರ ನಿರ್ದೇಶಕರು ಮತ್ತು ಚಿತ್ರಕಥೆಗಾರರು. 1970 ಮತ್ತು 1980ರ ದಶಕಗಳನ್ನು ಫಿಲಿಪಿನೋ ಚಿತ್ರರಂಗದ ಎರಡನೆಯ ಸುವರ್ಣಯುಗವೆಂದು ಕರೆಯುವುದುಂಟು. ಲಿನೋ ಬ್ರೋಕಾ ಅವರೊಂದಿಗೆ ಬರ್ನಾಲ್ ಅವರನ್ನು ಆ ಕಾಲದ ಅತ್ಯಂತ ಪ್ರಮುಖ ನಿರ್ದೇಶಕರೆಂದು ಪರಿಗಣಿಸಲಾಗುತ್ತದೆ. ಮನಿಲಾ ಬೈ ನೈಟ್ (1980) ಮತ್ತು ಹಿಮಾಲಾ (1982) ಅವರ ಪ್ರಸಿದ್ಧ ಚಿತ್ರಗಳು. ಸಾಮಾನ್ಯ ಪ್ರೇಕ್ಷಕರ ನೆನಪಿನಲ್ಲಿ ಇವೆರಡರಷ್ಟೇ ಗಟ್ಟಿಯಾಗಿ ಉಳಿದಿರುವ ಇನ್ನೊಂದು ಕೃತಿಯೆಂದರೆ ಶೇಕ್, ರ‍್ಯಾಟಲ್ ಅಂಡ್ ರೋಲ್ (1984) ಎಂಬ ಭಯಾನಕ ಕಥಾಗುಚ್ಛ ಚಿತ್ರದಲ್ಲಿ ಅವರು ನಿರ್ದೇಶಿಸಿದ ಪ್ರಿಡ್ಯಿದೆರ್ ಎಂಬ ಕಿರು ಭಾಗ. ಮರಣಾನಂತರ, 2001ರಲ್ಲಿ, ಅವರಿಗೆ ಫಿಲಿಪೀನ್ಸಿನ ರಾಷ್ಟ್ರೀಯ ಕಲಾವಿದ ಗೌರವ ಸಂದಿತು.

ಜನನ ಮತ್ತು ಶಿಕ್ಷಣ

ಬರ್ನಾಲ್ ಮನಿಲಾ ನಗರದಲ್ಲಿ ಜನಿಸಿದರು. ಫಿಲಿಪೀನ್ಸ್ ವಿಶ್ವವಿದ್ಯಾಲಯದಿಂದ 1959ರಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದ ನಂತರ, ಆ ಕಾಲದ ಹಿರಿಯ ನಿರ್ದೇಶಕರಾಗಿದ್ದ ಲಾಂಬೆರ್ತೊ ಅವೆಯಾನಾ ಅವರ ಸಾಕ್ಷ್ಯಚಿತ್ರ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಬಳಿಕ ಫ್ರಾನ್ಸ್‌ಗೆ ತೆರಳಿ ಏಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಫ್ರೆಂಚ್ ಸಾಹಿತ್ಯ ಮತ್ತು ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದರು.

ಚಲನಚಿತ್ರ ನಿರ್ದೇಶನದಲ್ಲಿ ಅವರು ಕ್ರಮಬದ್ಧ ತರಬೇತಿ ಪಡೆದದ್ದು ಭಾರತದಲ್ಲಿ. ಪುಣೆಯಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಆರಂಭವಾದ ಚಲನಚಿತ್ರ ಸಂಸ್ಥೆಯಿಂದ (ಇಂದಿನ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ) ಅವರು 1970ರಲ್ಲಿ ನಿರ್ದೇಶನದ ಡಿಪ್ಲೊಮಾ ಪಡೆದರು. ಅಡೂರ್ ಗೋಪಾಲಕೃಷ್ಣನ್, ಮಣಿ ಕೌಲ್ ಮತ್ತು ಕುಮಾರ್ ಶಹಾನಿ ಅವರಿಗಿಂತ ಮೊದಲು ಅಲ್ಲಿ ಕಲಿತವರು. ಕನ್ನಡದ ಗಿರೀಶ್ ಕಾಸರವಳ್ಳಿ ಕೆಲವು ವರ್ಷಗಳ ನಂತರ ಅದೇ ಸಂಸ್ಥೆಯ ವಿದ್ಯಾರ್ಥಿಯಾದರು. ಆದರೆ ಪುಣೆಯ ಈ ಸಹಪಾಠಿ ಪರಂಪರೆಯಲ್ಲಿ ಹಲವರು ಜನಪ್ರಿಯ ಚಿತ್ರೋದ್ಯಮದ ಹೊರಗೆ ನಿಂತು ಚಿತ್ರ ಮಾಡಿದರೆ, ಬರ್ನಾಲ್ ಸ್ವದೇಶಕ್ಕೆ ಮರಳಿ ನೇರವಾಗಿ ಉದ್ಯಮದ ಒಳಗೇ ಕಾಲಿಟ್ಟರು. ತಾರೆಯರು, ಸ್ಟುಡಿಯೋಗಳು, ಬಿಡುಗಡೆಯ ದಿನಾಂಕಗಳು ಇವುಗಳ ನಡುವೆಯೇ ಅವರ ವೃತ್ತಿಜೀವನ ಸಾಗಿತು.

ವೃತ್ತಿಜೀವನದ ಆರಂಭ

ಅವರ ಮೊದಲ ಚಿತ್ರ ಪಗ್ದಾತಿಂಗ್ ಸಾ ದುಲೊ (ತುದಿಯನ್ನು ತಲುಪಿದಾಗ) 1971ರಲ್ಲಿ ತೆರೆಕಂಡಿತು. ರೀತಾ ಗೊಮೆಜ್, ವಿಕ್ ವರ್ಗಾಸ್ ಮತ್ತು ಎಡ್ಡಿ ಗಾರ್ಸಿಯಾ ಮುಖ್ಯ ಪಾತ್ರಗಳಲ್ಲಿದ್ದ ಈ ಚಿತ್ರದ ವಸ್ತು ಚಿತ್ರರಂಗವೇ. ಕೆಳಸ್ತರದಿಂದ ಬಂದ ನಟ ನಟಿಯರು ಖ್ಯಾತಿಯ ಮೆಟ್ಟಿಲೇರುವುದನ್ನು, ಏರಿದ ಮೇಲೆ ಅಲ್ಲಿ ಏನೂ ಇಲ್ಲವೆಂದು ಕಂಡುಕೊಳ್ಳುವುದನ್ನು ಅದು ನಿರೂಪಿಸುತ್ತದೆ. ಉದ್ಯಮವನ್ನು ಪ್ರವೇಶಿಸುವ ಮೊದಲ ಹೆಜ್ಜೆಯಲ್ಲೇ ಅದರ ಪೊಳ್ಳುತನವನ್ನು ತೋರಿಸಿದ್ದು ಧೈರ್ಯದ ಆಯ್ಕೆಯಾಗಿತ್ತು.

1972ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ದೇಶದಲ್ಲಿ ಸೇನಾಡಳಿತವನ್ನು ಘೋಷಿಸಿದರು. ಪತ್ರಿಕೆಗಳು ಮುಚ್ಚಿದವು, ವಿರೋಧಿಗಳು ಸೆರೆಮನೆ ಸೇರಿದರು, ಚಿತ್ರಕಥೆಗಳೂ ಸೆನ್ಸಾರಿನ ಕಣ್ಗಾವಲಿಗೆ ಒಳಗಾದವು. ಬರ್ನಾಲ್ ಅವರ ಮುಖ್ಯ ಚಿತ್ರಗಳೆಲ್ಲ ಹುಟ್ಟಿದ್ದು ಈ ವಾತಾವರಣದಲ್ಲಿ. ಬ್ರೋಕಾ ಬಡತನ ಮತ್ತು ದಬ್ಬಾಳಿಕೆಯನ್ನು ನೇರವಾಗಿ ಎದುರಿಸಿದವರು. ಬರ್ನಾಲ್ ಅವರ ದಾರಿ ಓರೆಯಾದದ್ದು. ಅವರ ಗಮನ ಕುಟುಂಬ, ದಾಂಪತ್ಯ, ಕಾಮ ಮತ್ತು ನಗರಜೀವನದ ಸುಳ್ಳುಗಳ ಮೇಲಿತ್ತು. ನುನಾಲ್ ಸಾ ತೂಬಿಗ್ (ನೀರಿನ ಮೇಲಿನ ಮಚ್ಚೆ, 1976) ಮೀನುಗಾರರ ಹಳ್ಳಿಯೊಂದರ ಕಥೆ. ನೀರು ಕೆಟ್ಟು ಮೀನುಗಳು ಸಾಯುವಾಗ ಊರಿನ ಬದುಕು ನಿಧಾನವಾಗಿ ಕುಸಿಯುವುದನ್ನು ಹೆಚ್ಚು ಮಾತಿಲ್ಲದೆ ತೋರಿಸುವ ಈ ಚಿತ್ರ ವಿಮರ್ಶಕರ ಮೆಚ್ಚುಗೆ ಗಳಿಸಿತು.

ಇಕಾವ್ ಆಯ್ ಆಕಿನ್ (ನೀನು ನನ್ನವನು, 1978) ಚಿತ್ರದಲ್ಲಿ ಅವರು ಆ ಕಾಲದ ಪ್ರತಿಸ್ಪರ್ಧಿ ತಾರೆಯರಾದ ನೋರಾ ಔನೋರ್ ಮತ್ತು ವಿಲ್ಮಾ ಸಾಂತೋಸ್ ಅವರನ್ನು ಒಟ್ಟಿಗೆ ತಂದರು. ಇಬ್ಬರ ಅಭಿಮಾನಿಗಳೂ ಬಿರುಸಿನ ಮಾತಿನ ಜಗಳವನ್ನು ನಿರೀಕ್ಷಿಸಬಹುದಾಗಿದ್ದ ಕೊನೆಯ ದೃಶ್ಯವನ್ನು ಬರ್ನಾಲ್ ದೀರ್ಘ ಮೌನದಲ್ಲಿ ಮುಗಿಸಿದ್ದಾರೆ.

ಮನಿಲಾ ಬೈ ನೈಟ್

1980ರ ಮನಿಲಾ ಬೈ ನೈಟ್ ರಾಜಧಾನಿಯ ರಾತ್ರಿಯ ಜೀವನವನ್ನು ಹತ್ತಾರು ಪಾತ್ರಗಳ ಮೂಲಕ ಹೇಳುತ್ತದೆ. ಕುರುಡಿಯಾದ ಮಸಾಜ್ ಕೆಲಸಗಾರ್ತಿ, ಟ್ಯಾಕ್ಸಿ ಚಾಲಕ, ಮಾದಕವಸ್ತು ಮಾರುವ ಯುವತಿ, ಸಲಿಂಗಿಯಾದ ಉಡುಪು ವಿನ್ಯಾಸಕಾರ, ದಾದಿಯ ಸಮವಸ್ತ್ರ ಧರಿಸಿ ಮನೆಯಿಂದ ಹೊರಟು ವೇಶ್ಯಾವೃತ್ತಿ ನಡೆಸುವ ಹೆಣ್ಣು, ಮಧ್ಯಮವರ್ಗದ ತಾಯಿ ಮತ್ತು ಅವಳ ದಾರಿತಪ್ಪಿದ ಮಗ – ಇವರ ಬದುಕುಗಳು ಒಂದನ್ನೊಂದು ತಾಕುತ್ತಾ ಸಾಗುತ್ತವೆ. ಚಿತ್ರಕ್ಕೆ ಒಬ್ಬ ನಾಯಕನಿಲ್ಲ. ಎಲ್ಲರೂ ಯಾರಿಂದಲೋ ಏನನ್ನೋ ಮುಚ್ಚಿಡುತ್ತಾರೆ, ಮತ್ತು ನಗರವು ಆ ಸುಳ್ಳುಗಳ ಮೇಲೆಯೇ ನಿಂತಂತೆ ಕಾಣುತ್ತದೆ.

ಆಗ ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್ ಅವರೇ ಮಹಾನಗರ ಮನಿಲಾದ ಗವರ್ನರ್ ಆಗಿದ್ದರು. ಸುಂದರ, ಆಧುನಿಕ ರಾಜಧಾನಿಯೆಂಬ ಪ್ರಚಾರ ಜೋರಾಗಿದ್ದ ಸಮಯದಲ್ಲಿ ಈ ಚಿತ್ರ ಸರ್ಕಾರವನ್ನು ಕೆರಳಿಸಿತು. ಬರ್ಲಿನ್ ಚಲನಚಿತ್ರೋತ್ಸವಕ್ಕೆ ಅದು ಹೋಗದಂತೆ ತಡೆಯಲಾಯಿತು. ಸ್ವದೇಶದಲ್ಲಿ ಅನೇಕ ಕಡಿತಗಳೊಂದಿಗೆ ಬಿಡುಗಡೆಯಾದಾಗ ಅದರ ಹೆಸರು ಸಿಟಿ ಆಫ್ಟರ್ ಡಾರ್ಕ್ ಎಂದಾಗಿತ್ತು. ಸಂಭಾಷಣೆಯಲ್ಲಿ ಮನಿಲಾ ಎಂಬ ಪದ ಬರುವ ಕಡೆಗಳಲ್ಲೂ ಕತ್ತರಿ ಆಡಿತ್ತು. ಹೀಗೆ ಊರಿನ ಹೆಸರನ್ನು ಕಳೆದುಕೊಂಡ ಚಿತ್ರವನ್ನು ನೋಡಿದ ಮನಿಲಾ ನಿವಾಸಿಗಳಿಗೆ ಅದು ಯಾವ ಊರೆಂದು ತಿಳಿಯಲು ಕಷ್ಟವಾಗಿರಲಾರದು. ಫಿಲಿಪೀನ್ಸಿನ ವಿಮರ್ಶಕರ ಉರಿಯಾನ್ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವೆಂದು ಆಯ್ಕೆಯಾಯಿತು.

ಹಿಮಾಲಾ

ವಿಚಿತ್ರವೆಂದರೆ, ಬರ್ನಾಲ್ ಅವರ ಅತ್ಯಂತ ಪ್ರಸಿದ್ಧ ಚಿತ್ರಕ್ಕೆ ಹಣ ಒದಗಿಸಿದ್ದು ಅದೇ ಸರ್ಕಾರದ ಸಂಸ್ಥೆ. 1982ರಲ್ಲಿ ಸ್ಥಾಪನೆಯಾದ ಎಕ್ಸ್‌ಪೆರಿಮೆಂಟಲ್ ಸಿನೆಮಾ ಆಫ್ ದ ಫಿಲಿಪೀನ್ಸ್ ಎಂಬ ಸಂಸ್ಥೆಯ ಮುಖ್ಯಸ್ಥೆ ಮಾರ್ಕೋಸ್ ದಂಪತಿಗಳ ಮಗಳು ಇಮೀ ಮಾರ್ಕೋಸ್. ನಿರ್ಮಾಪಕರು ಹಲವು ಬಾರಿ ನಿರಾಕರಿಸಿದ್ದ ರಿಕಾರ್ಡೊ ಲೀ ಅವರ ಚಿತ್ರಕಥೆಯೊಂದು ಈ ಸಂಸ್ಥೆಯ ಸ್ಪರ್ಧೆಯಲ್ಲಿ ಗೆದ್ದಿತು. ಅದೇ ಹಿಮಾಲಾ, ಅಂದರೆ ಪವಾಡ. ಪೇಕೆ ಗಯಾಗಾ ನಿರ್ದೇಶಿಸಿದ ಒರೊ, ಪ್ಲಾತಾ, ಮಾತಾ ಕೂಡ ಆ ವರ್ಷ ಇದೇ ಸಂಸ್ಥೆಯಿಂದ ಹೊರಬಂದಿತು.

ಬರಗಾಲಪೀಡಿತವಾದ ಕೂಪಾಂಗ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ ಎಲ್ಸಾ ಎಂಬ ಯುವತಿ ಸೂರ್ಯಗ್ರಹಣದ ವೇಳೆ ಕನ್ಯಾ ಮರಿಯಳ ದರ್ಶನವಾಯಿತೆಂದು ಹೇಳುತ್ತಾಳೆ. ರೋಗಿಗಳು ಗುಣಮುಖರಾಗುತ್ತಾರೆಂಬ ಸುದ್ದಿ ಹಬ್ಬಿ ಯಾತ್ರಿಕರು ಬರುತ್ತಾರೆ. ಅವರ ಹಿಂದೆ ಅಂಗಡಿಗಳು, ಛಾಯಾಗ್ರಾಹಕರು, ವೇಶ್ಯಾಗೃಹವೂ ಬರುತ್ತವೆ. ಆಮೇಲೆ ಅತ್ಯಾಚಾರ, ಕಾಲರಾ, ಮಕ್ಕಳ ಸಾವು. ಕೊನೆಗೆ ಎಲ್ಸಾ ನೆರೆದ ಜನಸಾಗರದ ಮುಂದೆ ನಿಂತು ಪವಾಡವೆಂಬುದು ಇಲ್ಲವೆಂದು ಸಾರುತ್ತಾಳೆ, ಮತ್ತು ಅಲ್ಲೇ ಗುಂಡೇಟಿಗೆ ಬಲಿಯಾಗುತ್ತಾಳೆ. ಆಕೆಯ ಮಾತನ್ನು ಕೇಳಿದ ಜನ ಅವಳನ್ನೇ ಸಂತಳೆಂದು ಮೊರೆಯಿಡುವ ಕೊನೆಯ ದೃಶ್ಯಗಳು ನಂಬಿಕೆಯ ಹಸಿವಿಗೆ ಸತ್ಯವೂ ಆಹಾರವಾಗುವ ಪರಿಯನ್ನು ಕಾಣಿಸುತ್ತವೆ. ಇಲೊಕೊಸ್ ನಾರ್ತೆ ಪ್ರಾಂತ್ಯದಲ್ಲಿ ಚಿತ್ರೀಕರಿಸಲಾದ ಈ ಕೃತಿಯಲ್ಲಿ ನೋರಾ ಔನೋರ್ ಎಲ್ಸಾಳ ಪಾತ್ರ ವಹಿಸಿದ್ದರು. ಕಡಿಮೆ ಚಲನೆ, ತಗ್ಗಿದ ಧ್ವನಿ, ಕಣ್ಣುಗಳಿಂದಲೇ ಅವರು ನೀಡಿದ ಅಭಿನಯ ಏಷ್ಯಾದ ಸಿನೆಮಾದ ಶ್ರೇಷ್ಠ ಅಭಿನಯಗಳಲ್ಲಿ ಒಂದೆಂದು ಹೆಸರಾಗಿದೆ. ಚಿತ್ರವು 1983ರ ಬರ್ಲಿನ್ ಉತ್ಸವದ ಸ್ಪರ್ಧಾ ವಿಭಾಗದಲ್ಲಿ ಪ್ರದರ್ಶನಗೊಂಡಿತು. 2008ರಲ್ಲಿ ಸಿಎನ್‌ಎನ್ ನಡೆಸಿದ ವೀಕ್ಷಕರ ಮತದಾನದಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದ ಸರ್ವಕಾಲಿಕ ಅತ್ಯುತ್ತಮ ಚಿತ್ರವೆಂದು ಆಯ್ಕೆಯಾಯಿತು.

ಅದೇ 1982ರಲ್ಲಿ ಬಂದ ರೆಲಾಸ್ಯೋನ್ (ಸಂಬಂಧ) ವಿವಾಹಿತ ಪುರುಷನೊಂದಿಗೆ ಸಂಸಾರ ನಡೆಸುವ ಹೆಣ್ಣಿನ ಕಥೆ. ವಿಚ್ಛೇದನಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲದ ದೇಶದಲ್ಲಿ ಇದು ಸಾವಿರಾರು ಮನೆಗಳ ಗುಟ್ಟು. ಇದರ ಅಭಿನಯಕ್ಕಾಗಿ ವಿಲ್ಮಾ ಸಾಂತೋಸ್ ಆ ವರ್ಷದ ಪ್ರಮುಖ ಪ್ರಶಸ್ತಿಗಳೆಲ್ಲವನ್ನೂ ಗೆದ್ದರು.

ಪ್ರಿಡ್ಯಿದೆರ್ ಮತ್ತು ಭಯಾನಕ ಕಥಾಗುಚ್ಛ

ಒಂದೇ ಚಿತ್ರದಲ್ಲಿ ಹಲವು ನಿರ್ದೇಶಕರ ಪ್ರತ್ಯೇಕ ಕಥೆಗಳನ್ನು ಜೋಡಿಸುವ ಪದ್ಧತಿ ಫಿಲಿಪೀನ್ಸಿನಲ್ಲಿ ಹೊಸದಾಗಿರಲಿಲ್ಲ. 1974ರ ಫೆ, ಎಸ್ಪೆರಾನ್ಸಾ, ಕಾರಿದಾದ್ ಚಿತ್ರವನ್ನು ಮೂವರು ನಿರ್ದೇಶಿಸಿದ್ದರು. ಬರ್ನಾಲ್ ಅವರ ಹಿಂದಿನ ಯಜಮಾನರಾದ ಅವೆಯಾನಾ ಅವರಲ್ಲಿ ಒಬ್ಬರು. 1984ರ ಮಹಾನಗರ ಮನಿಲಾ ಚಲನಚಿತ್ರೋತ್ಸವಕ್ಕೆ ಸಿದ್ಧವಾದ ಶೇಕ್, ರ‍್ಯಾಟಲ್ ಅಂಡ್ ರೋಲ್ ಈ ಮಾದರಿಯನ್ನು ಸಂಪೂರ್ಣವಾಗಿ ಭಯಾನಕ ರಸಕ್ಕೆ ಮೀಸಲಿಟ್ಟಿತು. ಎಮ್ಯಾನುಯೆಲ್ ಬೊರ್ಲಾಸಾ ನಿರ್ದೇಶಿಸಿದ ಬಾಸೊ (ಲೋಟ) ಪ್ರೇತಗಳನ್ನು ಕರೆಯುವ ಆಟವಾಡಿದ ಯುವಜನರ ಕಥೆ. ಗಯಾಗಾ ಅವರ ಮನನಂಗಾಲ್ ಹಳ್ಳಿಗಾಡಿನ ಜಾನಪದಕ್ಕೆ ಮರಳುತ್ತದೆ: ಹಗಲು ಹೆಣ್ಣಾಗಿದ್ದು, ರಾತ್ರಿ ಸೊಂಟದಿಂದ ಮೇಲಿನ ಭಾಗವನ್ನು ಬೇರ್ಪಡಿಸಿಕೊಂಡು ಬಾವಲಿಯ ರೆಕ್ಕೆಗಳಲ್ಲಿ ಹಾರುವ, ಗರ್ಭಿಣಿಯರನ್ನು ಬೇಟೆಯಾಡುವ ಪಿಶಾಚಿ ಅದು. ಅದರ ವಿರುದ್ಧ ಹೋರಾಡುವ ಹುಡುಗನ ಪಾತ್ರಕ್ಕೆ ಹರ್ಬರ್ಟ್ ಬೌತಿಸ್ತಾ ಉತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಇವರು ಮುಂದೆ ಕೆಸೋನ್ ನಗರದ ಮೇಯರ್ ಆದರು.

ಬರ್ನಾಲ್ ಆರಿಸಿಕೊಂಡದ್ದು ಅಡುಗೆಮನೆಯ ರೆಫ್ರಿಜರೇಟರನ್ನು. ಪ್ರಿಡ್ಯಿದೆರ್ ಎಂಬ ಪದವೇ ಫ್ರಿಜಿಡೇರ್ ಎಂಬ ಅಮೆರಿಕನ್ ಕಂಪನಿಯ ಹೆಸರಿನಿಂದ ಬಂದದ್ದು. ಯಾವ ಕಂಪನಿಯದಾದರೂ ಫಿಲಿಪಿನೋ ಮಾತಿನಲ್ಲಿ ಅದು ಪ್ರಿಡ್ಯಿದೆರ್. ಹೊಸ ಮನೆಗೆ ಬಂದ ಕುಟುಂಬವೊಂದರ ಪಾಲಿಗೆ ಅಲ್ಲಿರುವ ಫ್ರಿಜ್ ದುಷ್ಟಶಕ್ತಿಯ ಬೀಡಾಗಿ ಪರಿಣಮಿಸಿ, ಬಳಿಗೆ ಬಂದವರನ್ನು ಬಲಿ ತೆಗೆದುಕೊಳ್ಳುತ್ತದೆ. ಜಾನೀಸ್ ಡಿ ಬೆಲೆನ್ ಮುಖ್ಯ ಪಾತ್ರದಲ್ಲಿದ್ದರು. ಮನಿಲಾ ಬೈ ನೈಟ್‌ನಲ್ಲಿ ತಾಯಿ-ಮಗನಾಗಿ ನಟಿಸಿದ್ದ ಚರೀತೊ ಸೊಲೀಸ್ ಮತ್ತು ವಿಲಿಯಂ ಮಾರ್ಟಿನೆಜ್ ಇದರಲ್ಲೂ ಇದ್ದರು.

ಕಥೆಯನ್ನು ಹೀಗೆ ಒಂದು ಸಾಲಿನಲ್ಲಿ ಹೇಳಿದರೆ ನಗು ಬರುವಂತಿದೆ, ಚಿತ್ರದಲ್ಲೂ ಹಾಸ್ಯದ ಎಳೆ ಇಲ್ಲದಿಲ್ಲ. ಆದರೂ ಅದು ಹೆದರಿಸುವ ಬಗೆ ಬೇರೆ. ಮನನಂಗಾಲಿಗೆ ಪರಂಪರೆಯಲ್ಲಿ ಪರಿಹಾರವಿದೆ: ಬಿಟ್ಟುಹೋದ ಕೆಳದೇಹದ ಮೇಲೆ ಉಪ್ಪು ಸುರಿದರೆ ಅದು ಮತ್ತೆ ಕೂಡಿಕೊಳ್ಳಲಾರದೆ ಬೆಳಗಿನಲ್ಲಿ ಸಾಯುತ್ತದೆ. ಇದನ್ನು ಅಜ್ಜಿಯರು ಬಲ್ಲರು. ವಿದ್ಯುತ್ ಉಪಕರಣದ ಭೂತಕ್ಕೆ ಯಾವ ಅಜ್ಜಿಯ ಮದ್ದೂ ಇಲ್ಲ. ಉಷ್ಣವಲಯದ ನಗರದಲ್ಲಿ ಫ್ರಿಜ್ ಮಧ್ಯಮವರ್ಗದ ಅನುಕೂಲದ ಮತ್ತು ಪ್ರತಿಷ್ಠೆಯ ಗುರುತು. ದಿನಕ್ಕೆ ಹತ್ತಾರು ಸಲ, ರಾತ್ರಿ ನಿದ್ದೆಗಣ್ಣಿನಲ್ಲೂ, ಯೋಚಿಸದೆ ತೆರೆಯುವ ಬಾಗಿಲು. ತಣ್ಣನೆಯ ಬಿಳಿ ಹಬೆಯ ನಡುವಿನ ಅದರ ಒಳಬೆಳಕು ಇಲ್ಲಿ ಆಕರ್ಷಣೆಯೂ ಹೌದು, ಬಲೆಯೂ ಹೌದು. ಕುಟುಂಬದೊಳಗಿನ ಮುಚ್ಚಿಟ್ಟ ಆಸೆಗಳು ಬರ್ನಾಲ್ ಅವರ ಇತರ ಚಿತ್ರಗಳಲ್ಲಿ ಸಂಭಾಷಣೆಯ ಮೂಲಕ ಹೊರಬಂದರೆ ಇಲ್ಲಿ ಯಂತ್ರದ ಮೂಲಕ ಹೊರಬರುತ್ತವೆ. ಚಿತ್ರ ತೆರೆಕಂಡ ಕಾಲವೂ ಗಮನಾರ್ಹ. 1983ರ ಆಗಸ್ಟ್ 21ರಂದು ವಿರೋಧಪಕ್ಷದ ನಾಯಕ ಬೆನಿಗ್ನೊ ಅಕೀನೊ ಮನಿಲಾ ವಿಮಾನನಿಲ್ದಾಣದಲ್ಲಿ ಹತ್ಯೆಯಾದ ನಂತರ ದೇಶದ ಆರ್ಥಿಕತೆ ಕುಸಿದು, ಮಧ್ಯಮವರ್ಗದ ನೆಮ್ಮದಿ ಅಲುಗಾಡುತ್ತಿತ್ತು. ಚಿತ್ರದಲ್ಲಿ ಇದರ ಪ್ರಸ್ತಾಪ ಇಲ್ಲ. ಮನೆಯೊಳಗಿನ ಸುರಕ್ಷಿತ ವಸ್ತುವೇ ತಿರುಗಿಬೀಳುವ ಕಥೆಗೆ ಪ್ರೇಕ್ಷಕರು ಆಗ ತಯಾರಿದ್ದರು ಎನ್ನಲು ಅಡ್ಡಿಯಿಲ್ಲ.

ಬರ್ನಾಲ್ ಮತ್ತೆ ಈ ಪ್ರಕಾರಕ್ಕೆ ಮರಳಲಿಲ್ಲ, ಸರಣಿ ಮಾತ್ರ ನಿಲ್ಲಲಿಲ್ಲ. 1990ರಲ್ಲಿ ರೀಗಲ್ ಸಂಸ್ಥೆ ಎರಡನೆಯ ಕಂತನ್ನು ನಿರ್ಮಿಸಿತು, ಗಯಾಗಾ ಮತ್ತು ಲೊರೆ ರೆಯೆಸ್ ಅದನ್ನು ನಿರ್ದೇಶಿಸಿದರು. 2014ರ ವೇಳೆಗೆ ಹದಿನೈದು ಕಂತುಗಳಾದವು. ಚಿತ್ರಕ್ಕೆ ಮೂರು ಕಥೆಗಳ ಕಟ್ಟು ಸರಣಿಯ ಗುರುತಾಯಿತು. ಹಳ್ಳಿಯ ಪಿಶಾಚಿಗಳ ಜೊತೆಗೆ ನಗರದ ವಸ್ತು ಮತ್ತು ಸ್ಥಳಗಳನ್ನೂ ಭಯದ ಮೂಲವಾಗಿಸುವ ದಾರಿಯನ್ನು ತೆರೆದದ್ದರಲ್ಲಿ ಪ್ರಿಡ್ಯಿದೆರ್‌ನ ಪಾಲು ದೊಡ್ಡದು.

ನಂತರದ ಚಿತ್ರಗಳು ಮತ್ತು ನಿಧನ

ವರ್ಕಿಂಗ್ ಗರ್ಲ್ಸ್ ಕೂಡ 1984ರದೇ. ಮಕಾತಿಯ ಕಚೇರಿಗಳಲ್ಲಿ ದುಡಿಯುವ ಮಹಿಳೆಯರ ಕುರಿತ ಹಾಸ್ಯಚಿತ್ರ. ಹಿನುಗೊತ್ ಸಾ ಲಾಂಗಿತ್ (1985) ಗರ್ಭಪಾತದ ವಿಷಯವನ್ನು ಎತ್ತಿಕೊಂಡಿತು. ಕ್ಯಾಥೊಲಿಕ್ ಬಹುಸಂಖ್ಯಾತ ದೇಶದಲ್ಲಿ ಅದು ಸುಲಭದ ವಸ್ತುವಲ್ಲ. 1986ರ ಫೆಬ್ರವರಿಯಲ್ಲಿ ಜನಾಂದೋಲನದಿಂದ ಮಾರ್ಕೋಸ್ ಪದಚ್ಯುತರಾದ ನಂತರ ಬರ್ನಾಲ್ ಅವರ ಚಿತ್ರಗಳ ಸಂಖ್ಯೆ ಕಡಿಮೆಯಾಯಿತು. ಪಹಿರಾಮ್ ನಾಂಗ್ ಇಸಾಂಗ್ ಉಮಾಗಾ (ಒಂದು ಬೆಳಗನ್ನು ಸಾಲ ಕೊಡು, 1989), ಸಾವಿನ ದಿನಗಳನ್ನು ಎಣಿಸುವ ಹೆಣ್ಣಿನ ಕಥೆ, ಈ ಅವಧಿಯ ಮುಖ್ಯ ಕೃತಿ. ವಾತಿಂಗ್ (1994) ಅವರ ಕೊನೆಯ ಚಿತ್ರ.

1991ರಲ್ಲಿ ಬ್ರೋಕಾ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಐದು ವರ್ಷಗಳ ನಂತರ, 1996ರ ಜೂನ್ 2ರಂದು ಬರ್ನಾಲ್ ಕೆಸೋನ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 57 ವರ್ಷ.

ಮರಣಾನಂತರ

ಹಿಮಾಲಾ 2012ರಲ್ಲಿ ಡಿಜಿಟಲ್ ರೂಪದಲ್ಲಿ ಪುನಃಸ್ಥಾಪಿತವಾಗಿ ವೆನಿಸ್ ಚಲನಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರ ಕಥೆ ಸಂಗೀತ ನಾಟಕವಾಗಿಯೂ ರಂಗಕ್ಕೆ ಬಂದಿದೆ. ಅದೇ 2012ರಲ್ಲಿ ರಿಕೊ ಮರಿಯಾ ಇಲಾರ್ದೆ ಪ್ರಿಡ್ಯಿದೆರ್ ಅನ್ನು ಪೂರ್ಣಪ್ರಮಾಣದ ಚಿತ್ರವಾಗಿ ವಿಸ್ತರಿಸಿದರು. ಆಂಡಿ ಐಗೆನ್‌ಮನ್ ನಾಯಕಿಯಾಗಿದ್ದ ಈ ಚಿತ್ರದಲ್ಲಿ, 1984ರಲ್ಲಿ ಫ್ರಿಜ್‌ನ ಬಾಗಿಲು ತೆರೆದಿದ್ದ ಜಾನೀಸ್ ಡಿ ಬೆಲೆನ್ ನಾಯಕಿಯ ತಾಯಿಯಾಗಿ ಕಾಣಿಸಿಕೊಂಡರು.