ಗಿಡಗಳಿಗೆ ಎರಡು ಪದಗಳ ಹೆಸರಿಟ್ಟ ಕಾರ್ಲ್ ಲಿನೇಯಸ್

ನಮ್ಮ ಕರಾವಳಿಯ ಅನೇಕ ಶಾಲೆ, ಕಾನ್ವೆಂಟುಗಳ ಆವರಣದಲ್ಲಿ ಗಿಡಮರಗಳಿಗೆ ತಗಡಿನ ಫಲಕ ತೂಗುಹಾಕಿರುವುದನ್ನು ಓದುಗರು ನೋಡಿರಬಹುದು. ಮೇಲೆ ಕನ್ನಡದ ಹೆಸರು, ಕೆಳಗೆ ಲ್ಯಾಟಿನಿನ ಎರಡು ಪದ. ಮೇಲಿನದ್ದನ್ನು ಓದಿ ಮುಂದೆ ಹೋಗುವವರೇ ಹೆಚ್ಚು. ಕೆಳಗಿನದ್ದು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಜ್ಞಾನ ವಿದ್ಯಾರ್ಥಿಗಳ ಪಾಲಿನ ಕಷ್ಟ ಎಂದು ನಾವು ಭಾವಿಸುತ್ತೇವೆ. ಆದರೆ ಈ ಎರಡು ಪದಗಳ ಪದ್ಧತಿ ಬಳಕೆಗೆ ಬಂದದ್ದೇ ನೆನಪಿನ ಹೊರೆಯನ್ನು ಇಳಿಸುವುದಕ್ಕಾಗಿ. ಅದನ್ನು ರೂಢಿಗೆ ತಂದವರು ಬಾಲ್ಯದಲ್ಲಿ ಗಿಡಗಳ ಹೆಸರನ್ನು ಪದೇ ಪದೇ ಮರೆತು ತಂದೆಯಿಂದ ಬೈಸಿಕೊಂಡವರು. ಅವರ ಜೀವನವನ್ನು ಈ ಬಾರಿ ಓದುಗರ ಮುಂದಿಡುತ್ತಿದ್ದೇವೆ.

ಕಾರ್ಲ್ ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು, ಸ್ವೀಡನ್ ದೇಶದ ದಕ್ಷಿಣ ಭಾಗದ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಲೂಥರನ್ ಸಭೆಯ ಪಾಲಕರು. ಆ ಕಾಲದ ಅಲ್ಲಿನ ಹಳ್ಳಿಗರಿಗೆ ಮನೆತನದ ಹೆಸರು ಇರುತ್ತಿರಲಿಲ್ಲ. ಇಂಥವರ ಮಗ ಎಂದಷ್ಟೇ ಹೇಳುತ್ತಿದ್ದರು. ನಿಲ್ಸ್ ವಿಶ್ವವಿದ್ಯಾಲಯಕ್ಕೆ ಸೇರುವಾಗ ಒಂದು ಹೆಸರು ಬೇಕಾಯಿತು. ಕುಟುಂಬದ ಜಮೀನಿನಲ್ಲಿದ್ದ ದೊಡ್ಡ ಲಿಂಡನ್ ಮರವನ್ನು ನೆನೆದು, ಆ ಹೆಸರಿಗೆ ಲ್ಯಾಟಿನ್ ರೂಪ ಕೊಟ್ಟು ಲಿನೇಯಸ್ ಎಂದು ಬರೆಸಿದರು. ಮುಂದೆ ಸಾವಿರಾರು ಗಿಡಗಳಿಗೆ ಹೆಸರಿಟ್ಟವರ ಸ್ವಂತ ಹೆಸರೇ ಒಂದು ಮರದಿಂದ ಬಂದದ್ದು.

ಪಾಲಕರ ಮನೆಯ ಹಿತ್ತಲಲ್ಲಿ ಒಳ್ಳೆಯ ತೋಟವಿತ್ತು. ಮಗು ಅತ್ತಾಗ ಕೈಗೆ ಹೂ ಕೊಟ್ಟರೆ ಸುಮ್ಮನಾಗುತ್ತಿತ್ತಂತೆ. ಐದು ವರ್ಷವಾಗುವಾಗ ಮಗನಿಗೆ ತೋಟದಲ್ಲೊಂದು ತುಂಡು ಜಾಗ ಬಿಟ್ಟುಕೊಟ್ಟರು. ಹುಡುಗ ಪ್ರತಿ ಗಿಡದ ಹೆಸರು ಕೇಳುವುದು, ತಂದೆ ಹೇಳುವುದು, ಮರುದಿನ ಹುಡುಗ ಮರೆತು ಮತ್ತೆ ಅದನ್ನೇ ಕೇಳುವುದು. ಕೊನೆಗೆ ಬೇಸತ್ತ ತಂದೆ, ಹೇಳಿದ್ದನ್ನು ನೆನಪಿಡದಿದ್ದರೆ ಇನ್ನು ಮುಂದೆ ಒಂದು ಹೆಸರನ್ನೂ ಹೇಳುವುದಿಲ್ಲವೆಂದು ಗದರಿಸಿದರು. ಆ ಬೆದರಿಕೆ ಹುಡುಗನ ಮನಸ್ಸಿಗೆ ನಾಟಿತೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ಮಗ ತಂದೆಯಂತೆ ಪಾಲಕನಾಗಬೇಕೆಂಬುದು ತಾಯಿ ಕ್ರಿಸ್ಟೀನಾ ಅವರ ಆಸೆ. ವೆಕ್ಷೋ ಪಟ್ಟಣದ ಶಾಲೆಯಲ್ಲಿ ಆತ ಪಾಠಕ್ಕಿಂತ ಹೆಚ್ಚಾಗಿ ಹೊಲಗದ್ದೆಗಳಲ್ಲಿ ಗಿಡ ಹುಡುಕುತ್ತಿದ್ದುದರಿಂದ, ಈತ ಧರ್ಮಸೇವೆಗೆ ಹೇಳಿದವನಲ್ಲವೆಂದು ಶಿಕ್ಷಕರು ತೀರ್ಪಿತ್ತರು. ವೈದ್ಯರೂ ಶಿಕ್ಷಕರೂ ಆಗಿದ್ದ ಯೋಹಾನ್ ರೋಥ್‌ಮನ್ ಒಬ್ಬರು ಮಾತ್ರ, ಹುಡುಗನನ್ನು ವೈದ್ಯಕೀಯಕ್ಕೆ ಕಳುಹಿಸಿರೆಂದು ತಂದೆಗೆ ಸಲಹೆಯಿತ್ತು ತಾವೇ ಪಾಠ ಹೇಳಿಕೊಟ್ಟರು. ಆಗ ವೈದ್ಯನಾಗುವವನು ಗಿಡಮೂಲಿಕೆ ತಿಳಿದಿರಲೇಬೇಕಿತ್ತು. ತಾಯಿಯ ಆಸೆಯನ್ನು ನೆರವೇರಿಸಿದವನು ತಮ್ಮ ಸ್ಯಾಮುವೆಲ್. ಆತ ತಂದೆಯ ಸ್ಥಾನದಲ್ಲಿ ಪಾಲಕನಾದದ್ದಲ್ಲದೆ ಜೇನುಸಾಕಣೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದ. ಹಿತ್ತಲಿನ ಗುಣ ಇಬ್ಬರನ್ನೂ ಬಿಡಲಿಲ್ಲವೆನ್ನಬೇಕು.

1728ರಲ್ಲಿ ಲಿನೇಯಸ್ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಬಂದರು. ಕೈಯಲ್ಲಿ ಹಣವಿರಲಿಲ್ಲ. ಅಲ್ಲಿನ ತೋಟದಲ್ಲಿ ಗಿಡ ನೋಡುತ್ತಿದ್ದ ಈ ಬಡ ವಿದ್ಯಾರ್ಥಿಯನ್ನು ಮಾತನಾಡಿಸಿ, ಅವನ ತಿಳುವಳಿಕೆಗೆ ಬೆರಗಾಗಿ ಮನೆಗೆ ಕರೆದೊಯ್ದು ಇರಿಸಿಕೊಂಡವರು ದೈವಶಾಸ್ತ್ರದ ಪ್ರಾಧ್ಯಾಪಕ ಒಲೋಫ್ ಸೆಲ್ಸಿಯಸ್. ಪವಿತ್ರ ಬೈಬಲಿನಲ್ಲಿ ಬರುವ ಸಸ್ಯಗಳ ಕುರಿತು ಅವರು ಬರೆದ ದೊಡ್ಡ ಗ್ರಂಥ 1745ರಿಂದ 1747ರ ನಡುವೆ ಪ್ರಕಟವಾಯಿತು. ಶಾಲೆಯವರು ಧರ್ಮಸೇವೆಗೆ ಆಗದವನೆಂದು ಕಳುಹಿಸಿದ ಹುಡುಗನನ್ನು ಕೈಹಿಡಿದು ಎತ್ತಿದವರು ಒಬ್ಬ ದೈವಶಾಸ್ತ್ರಜ್ಞರು ಎಂಬುದನ್ನು ನಾವಿಲ್ಲಿ ಸಂತೋಷದಿಂದ ನೆನೆಯುತ್ತೇವೆ.

1732ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ಪ್ರಯಾಣ, 1735ರಲ್ಲಿ ಹಾಲೆಂಡಿಗೆ. ಅಲ್ಲಿ ವೈದ್ಯ ಪದವಿ ಪಡೆದು, ಅದೇ ವರ್ಷ ನಿಸರ್ಗದ ವರ್ಗೀಕರಣದ ಬಗ್ಗೆ ತಮ್ಮ ಮೊದಲ ಪುಸ್ತಕವನ್ನು ಹೊರತಂದರು. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರಲ್ಲೊಬ್ಬರಾದ ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತರ ತೋಟವನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಚಳಿದೇಶದಲ್ಲಿ ಗಾಜಿನ ಮನೆಯೊಳಗೆ ಬಾಳೆಗಿಡವೊಂದು ಹೂಬಿಟ್ಟಾಗ ದೊಡ್ಡ ಸುದ್ದಿಯಾಯಿತು. 1736ರಲ್ಲಿ ಲಿನೇಯಸ್ ಅದರ ಬಗ್ಗೆಯೇ ಒಂದು ಪುಸ್ತಕ ಬರೆದರು. ನಮ್ಮ ಹಿತ್ತಲಲ್ಲಿ ತಾನೇ ಬೆಳೆಯುವ ಬಾಳೆಗೆ ಅಲ್ಲಿ ಅಷ್ಟು ಗೌರವ! ಏದೆನ್ ತೋಟದ ನಿಷಿದ್ಧ ಹಣ್ಣು ಸೇಬಲ್ಲ, ಬಾಳೆಯೇ ಇರಬಹುದು ಎಂಬ ಊಹೆ ಹಿಂದಿನಿಂದಲೂ ಇತ್ತು. ಲಿನೇಯಸರಿಗೆ ಅದು ಹಿಡಿಸಿತ್ತು. ಬಾಳೆಗೆ ಅವರಿಟ್ಟ ಮೂಸಾ ಪಾರಡಿಸಿಯಾಕಾ ಎಂಬ ಹೆಸರಿನ ಎರಡನೇ ಪದಕ್ಕೆ ಪರದೈಸಿನದ್ದು ಎಂದೇ ಅರ್ಥ.

ಆ ಕಾಲದಲ್ಲಿ ಸಸ್ಯಗಳ ಲ್ಯಾಟಿನ್ ಹೆಸರು ಎಂದರೆ ಒಂದು ಪೂರ್ತಿ ವಾಕ್ಯ. ಬೇಲಿಬದಿಯಲ್ಲಿ ಕಾಗದದ ಚೀಲದಂತಹ ಹೊದಿಕೆಯೊಳಗೆ ಹಣ್ಣು ಬಿಡುವ ಒಂದು ಚಿಕ್ಕ ಗಿಡವುಂಟು. ಒಂದೇ ವರ್ಷ ಬಾಳುವ, ಬಹಳ ಕವಲೊಡೆದ, ಮೂಲೆಮೂಲೆಯಾದ ನುಣುಪು ಕೊಂಬೆಗಳ, ಹಲ್ಲಿನಂತಹ ಅಂಚಿನ ಎಲೆಗಳ ಫಿಸಾಲಿಸ್ ಎಂಬಷ್ಟೂ ಅದರ ಹೆಸರು. ಹೊಸ ಗಿಡ ಸಿಕ್ಕಿ, ಹಳೆಯದಕ್ಕೂ ಅದಕ್ಕೂ ವ್ಯತ್ಯಾಸ ತೋರಿಸಬೇಕಾದಾಗ ಹೆಸರು ಇನ್ನಷ್ಟು ಉದ್ದವಾಗುತ್ತಿತ್ತು. ಹೆಸರು ಮತ್ತು ವಿವರಣೆ ಎರಡೂ ಒಂದೇ ಆಗಿದ್ದುದೇ ತೊಂದರೆ. ಲಿನೇಯಸ್ ಇವೆರಡನ್ನೂ ಬೇರೆ ಮಾಡಿದರು. ವಿವರಣೆ ಪುಸ್ತಕದಲ್ಲಿರಲಿ, ಹೆಸರು ನಾಲಿಗೆಯ ಮೇಲಿರಲಿ. ಆ ಗಿಡ ಫಿಸಾಲಿಸ್ ಆಂಗುಲಾಟಾ ಆಯಿತು.

ಇದು ಹುಟ್ಟಿದ ಬಗೆ ಸ್ವಾರಸ್ಯಕರ. 1741ರಲ್ಲಿ ಉಪ್ಸಾಲಾದಲ್ಲಿ ಪ್ರಾಧ್ಯಾಪಕರಾದ ಮೇಲೆ ಅವರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿದರು. ದನ, ಕುರಿ, ಆಡು, ಕುದುರೆ, ಹಂದಿಗಳು ಯಾವ ಸೊಪ್ಪು ತಿನ್ನುತ್ತವೆ, ಯಾವುದನ್ನು ಬಿಡುತ್ತವೆ ಎಂದು ಗುಡ್ಡದಲ್ಲಿ ನಿಂತು ಬರೆದುಕೊಳ್ಳುವುದು. ಆಡು ಬಾಯಿ ಹಾಕಿದ ಪ್ರತಿ ಸೊಪ್ಪಿಗೆ ಒಂದು ವಾಕ್ಯದ ಹೆಸರು ಬರೆಯುತ್ತ ಕೂತರೆ ಆಡು ಮುಂದಿನ ಗುಡ್ಡಕ್ಕೆ ಹೋಗಿರುತ್ತದೆ. ಅದಕ್ಕಾಗಿ ಕುಲದ ಹೆಸರಿನ ಜೊತೆ ಗುರುತಿಗೊಂದು ಪದ ಸಾಕೆಂದರು. 1749ರಲ್ಲಿ ಪ್ರಕಟವಾದ ಆ ಮೇವಿನ ಪಟ್ಟಿಯಲ್ಲಿ ಈ ಚಿಕ್ಕ ಹೆಸರುಗಳು ದೊಡ್ಡ ಪ್ರಮಾಣದಲ್ಲಿ ಬಳಕೆಯಾದವು. 1753ರಲ್ಲಿ ಸುಮಾರು 5,900 ಸಸ್ಯಗಳನ್ನು ಒಳಗೊಂಡ ಅವರ ಮಹಾಗ್ರಂಥ ‘ಸ್ಪೀಸೀಸ್ ಪ್ಲಾಂಟಾರಂ’ ಎರಡು ಸಂಪುಟಗಳಲ್ಲಿ ಬಂದಾಗಲೂ ನಿಜವಾದ ಹೆಸರೆಂದು ಅವರು ಎಣಿಸಿದ್ದು ಉದ್ದನೆಯ ವಾಕ್ಯವನ್ನೇ. ಎರಡನೇ ಪದವನ್ನು ಪುಟದ ಅಂಚಿನಲ್ಲಿ ಮುದ್ರಿಸಿದ್ದರು. ಜನ ಅಂಚಿನಲ್ಲಿದ್ದುದನ್ನು ಎತ್ತಿಕೊಂಡರು, ಮಧ್ಯದಲ್ಲಿದ್ದುದನ್ನು ಬಿಟ್ಟರು. ಸಸ್ಯಗಳ ಶಾಸ್ತ್ರೀಯ ಹೆಸರುಗಳ ಲೆಕ್ಕ ಇಂದಿಗೂ ಆ ಗ್ರಂಥದಿಂದಲೇ ಆರಂಭವಾಗುತ್ತದೆ.

ಈ ಹೆಸರುಗಳನ್ನು ನೆನಪಿಡಲು ನಮ್ಮವರಿಗೆ ಒಂದು ಅನುಕೂಲವಿದೆ. ಲ್ಯಾಟಿನ್ ಪೂಜೆಯ ಕಾಲವನ್ನು ಕಂಡ ಹಿರಿಯರಿಗೂ ಸೆಮಿನರಿಯಲ್ಲಿ ಲ್ಯಾಟಿನ್ ವ್ಯಾಕರಣದೊಡನೆ ಗುದ್ದಾಡಿದ ಗುರುಗಳಿಗೂ ಆಲ್ಬಾ ಎಂದರೆ ಬಿಳಿ ಎಂದು ಹೇಳಬೇಕಾಗಿಲ್ಲ. ಬಲಿಪೂಜೆಗೆ ತೊಡುವ ಬಿಳಿ ನಿಲುವಂಗಿಯ ಹೆಸರೂ ಅದೇ. ರುಬ್ರಾ ಎಂದರೆ ಕೆಂಪು. ಮುಟ್ಟಿದರೆ ಮುದುಡುವ ನಾಚಿಕೆಮುಳ್ಳಿಗೆ ಮಿಮೋಸಾ ಪುಡಿಕಾ ಎಂದರು. ಪುಡಿಕಾ ಎಂದರೂ ನಾಚಿಕೆಯವಳೇ. ರಾತ್ರಿ ಅರಳಿ ಬೆಳಿಗ್ಗೆ ಉದುರುವ ಪಾರಿಜಾತ ನಿಕ್ಟಾಂತೆಸ್ ಆರ್ಬರ್-ಟ್ರಿಸ್ಟಿಸ್, ಅಂದರೆ ದುಃಖದ ಮರ. ಭತ್ತ ಒರೈಜಾ ಸಟೈವಾ, ಬಿತ್ತಿ ಬೆಳೆಯುವಂಥದ್ದು. ಗೇರು ಅನಕಾರ್ಡಿಯಂ ಆಕ್ಸಿಡೆಂಟಾಲೆ, ಪಶ್ಚಿಮದ್ದು. ಅದು ಬ್ರೆಜಿಲ್ ಕಡೆಯಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಅತಿಥಿ ಎಂಬುದು ಆ ಪದದಲ್ಲೇ ಇದೆ. ಮಾವು ಮಾಂಜಿಫೆರಾ ಇಂಡಿಕಾ, ಮಾಂಗಾ ಎಂಬ ನಮ್ಮ ಕಡೆಯ ಮಾತನ್ನೇ ಹೊತ್ತ ಭಾರತದ ಮರ. ಅರ್ಥ ತಿಳಿದು ಕಲಿತ ಹೆಸರು ಉಳಿಯುತ್ತದೆ, ಉರುಹೊಡೆದದ್ದು ಪರೀಕ್ಷೆಯ ಮರುದಿನ ಹೋಗುತ್ತದೆ.

ಕೆಲವು ಹೆಸರುಗಳಲ್ಲಿ ವ್ಯಕ್ತಿಗಳೇ ಇದ್ದಾರೆ. ಸಮಾಧಿಭೂಮಿಗಳಲ್ಲಿ ಬಿಳಿಹೂ ಸುರಿಸುವ ಗೋಸಂಪಿಗೆಯ ಕುಲ ಪ್ಲುಮೇರಿಯಾ. ಇದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಸಸ್ಯಗಳನ್ನು ಅರಸಿದ ಫ್ರಾನ್ಸಿನ ಮಿನಿಮ್ ಸಭೆಯ ಸನ್ಯಾಸಿ ಚಾರ್ಲ್ಸ್ ಪ್ಲುಮಿಯೇ ಅವರ ನೆನಪು. ಮನಿಲಾದಲ್ಲಿ ಔಷಧಾಲಯ ನಡೆಸುತ್ತಿದ್ದ ಯೇಸುಸಭೆಯ ಸಹೋದರ ಜಾರ್ಜ್ ಕಾಮೆಲ್ 1706ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಲಿನೇಯಸ್ ಕಮೆಲಿಯಾ ಎಂದು ಒಂದು ಕುಲವನ್ನು ಕರೆದರು. ಚಹಾ ಗಿಡವೂ ಈಗ ಅದೇ ಕುಲದಲ್ಲಿದೆ, ಕಮೆಲಿಯಾ ಸಿನೆನ್ಸಿಸ್. ದಿನಕ್ಕೆ ಎರಡು ಬಾರಿ ಚಹಾ ಕುಡಿಯುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಸಹೋದರನ ಪರಿಚಯವಿದೆ?

ನಮ್ಮ ಕರಾವಳಿಗೆ ಲಿನೇಯಸ್ ಎಂದೂ ಬಂದವರಲ್ಲ. ಆದರೂ ಇಲ್ಲಿನ ಗಿಡಗಳನ್ನು ಅವರು ತಿಳಿದದ್ದು ಮುಖ್ಯವಾಗಿ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಗ್ರಂಥದಿಂದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಆ ಗ್ರಂಥದ ಆರಂಭದ ಕೆಲಸದಲ್ಲಿ ನೆರವಾದವರು ಇಟಲಿಯ ಕಾರ್ಮೆಲ್ ಸಭೆಯ ಗುರು ಸಂತ ಜೋಸೆಫರ ಮ್ಯಾಥ್ಯೂ. ಗಿಡಗಳ ಗುಣ ಹೇಳಿಕೊಟ್ಟವರು ಮಲಯಾಳಿ ವೈದ್ಯ ಇಟ್ಟಿ ಅಚ್ಚುದನ್ ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಈ ಮೂವರು ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರ ಮೊದಲ ಸಂಪುಟದಲ್ಲೇ ಮುದ್ರಿತವಾಗಿದೆ. ಆ ಗ್ರಂಥದಲ್ಲಿ ಗಿಡಗಳಿಗೆ ಊರಿನ ಹೆಸರುಗಳೇ ಇದ್ದವು. ಗ್ರೀಕ್ ಅಥವಾ ಲ್ಯಾಟಿನ್ ಮೂಲವಿಲ್ಲದ ಕುಲನಾಮಗಳು ಸಲ್ಲವೆಂಬ ನಿಯಮ ಮಾಡಿಕೊಂಡಿದ್ದ ಲಿನೇಯಸ್ ಅವುಗಳಲ್ಲಿ ಹೆಚ್ಚಿನವನ್ನು ಬಿಟ್ಟರು. ಹೆಸರು ಮರೆಯಬಾರದೆಂದು ಇಷ್ಟೆಲ್ಲ ಮಾಡಿದವರು ಬೇರೆಯವರ ಹೆಸರುಗಳನ್ನು ಹೀಗೆ ಬದಿಗೆ ತಳ್ಳಿದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ. ಕೆಲವು ಮಾತ್ರ ಆ ಜರಡಿಯಿಂದ ತಪ್ಪಿಸಿಕೊಂಡವು. ಅಡಿಕೆಯ ಅರೆಕಾ ಎಂಬುದು ಮಲಯಾಳದ ಅಡಕ್ಕದಿಂದ ಬಂದದ್ದು. ಇನ್ನೊಂದು, ಬಾವಿಕಟ್ಟೆಯ ಪಕ್ಕದ ಚಪ್ಪರದಲ್ಲಿ ಹಬ್ಬುವ ಬಸಳೆ. ಅದರ ಲ್ಯಾಟಿನ್ ಹೆಸರು ಬಸೆಲ್ಲಾ ಆಲ್ಬಾ. ಅದನ್ನಂತೂ ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಅವರ ಬದುಕಿನ ಇನ್ನೊಂದು ಕುಂದನ್ನೂ ಹೇಳಬೇಕು. 1758ರಲ್ಲಿ ಅವರು ಮನುಷ್ಯರನ್ನೂ ಖಂಡ, ಮೈಬಣ್ಣಗಳ ಪ್ರಕಾರ ನಾಲ್ಕಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಸ್ವಭಾವ ಅಂಟಿಸಿದರು. ಯುರೋಪಿಯನ್ನರಿಗೆ ಒಳ್ಳೆಯ ಗುಣಗಳು ಬಂದವು, ಆಫ್ರಿಕದವರಿಗೆ ಕೆಟ್ಟವು. ಗಿಡಕ್ಕೆ ಅಂಟಿಸಿದ ಚೀಟಿಯಿಂದ ಗಿಡಕ್ಕೆ ನೋವಿಲ್ಲ; ಈ ಚೀಟಿಯನ್ನು ಮುಂದಿನವರು ಬಳಸಿಕೊಂಡ ರೀತಿ ಬಹಳ ಜನರನ್ನು ನೋಯಿಸಿತು.

ಶಿಕ್ಷಕರಾಗಿ ಮಾತ್ರ ಅವರಂಥವರು ಅಪರೂಪ. ಉಪ್ಸಾಲಾದ ಸುತ್ತಮುತ್ತ ಅವರು ನಡೆಸುತ್ತಿದ್ದ ಗಿಡ ಹುಡುಕುವ ಸಂಚಾರಗಳಿಗೆ ನೂರಾರು ವಿದ್ಯಾರ್ಥಿಗಳು ಸೇರುತ್ತಿದ್ದರು. ಸಂಜೆ ಟೊಪ್ಪಿಗೆಗೆ ಹೂ ಸಿಕ್ಕಿಸಿಕೊಂಡು, ಕೊಂಬು ನಗಾರಿಗಳೊಡನೆ ಮೆರವಣಿಗೆಯಲ್ಲಿ ಪೇಟೆಗೆ ಹಿಂದಿರುಗುತ್ತಿದ್ದರು. ಅವರ ಶಿಷ್ಯರಲ್ಲಿ 17 ಮಂದಿ ದೂರದ ದೇಶಗಳಿಗೆ ಹೋದರು. ಅಪೊಸ್ತಲರು ಎಂದೇ ಅವರನ್ನು ಕರೆಯುವ ರೂಢಿ. ಹಲವರು ಹಿಂದಿರುಗಲಿಲ್ಲ. ಮೊದಲು ಹೋದ ಟೆರ್ನ್‌ಸ್ಟ್ರೋಮ್, ಹೆಂಡತಿ ಮಕ್ಕಳಿದ್ದ ಪಾಲಕರು, 1746ರಲ್ಲಿ ವಿಯೆಟ್ನಾಂ ಬಳಿಯ ದ್ವೀಪದಲ್ಲಿ ತೀರಿಕೊಂಡರು. ಅವರ ವಿಧವೆ ಲಿನೇಯಸರನ್ನೇ ದೂರಿದಳು. ಆ ಮೇಲೆ ಅವರು ಅವಿವಾಹಿತರನ್ನು ಮಾತ್ರ ಕಳುಹಿಸಲು ಬಯಸಿದರು. ಲೋಫ್ಲಿಂಗ್ 1756ರಲ್ಲಿ ವೆನೆಜುವೆಲಾದಲ್ಲಿ, ಫೋರ್ಸ್‌ಕೋಲ್ 1763ರಲ್ಲಿ ಯೆಮನಿನಲ್ಲಿ ಜ್ವರಕ್ಕೆ ಬಲಿಯಾದರು. ಹಟಮಾರಿ ಫೋರ್ಸ್‌ಕೋಲ್ ಹೆಸರನ್ನು, ಮುಟ್ಟಿದರೆ ಅಂಟಿಕೊಂಡು ಬಿಡದ ಒಂದು ಗಿಡಕ್ಕೆ ಇಟ್ಟರು. ಮತ್ತೊಬ್ಬ ಶಿಷ್ಯ ಕೋನಿಗ್ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಯ ಡೇನಿಷ್ ಮಿಶನಿಗೆ ವೈದ್ಯರಾಗಿ ಬಂದು, 1785ರಲ್ಲಿ ಭಾರತದಲ್ಲೇ ತೀರಿಕೊಂಡರು. ನಾವು ಒಗ್ಗರಣೆಗೆ ಹಾಕುವ ಕರಿಬೇವಿನ ಲ್ಯಾಟಿನ್ ಹೆಸರಿನ ಎರಡನೇ ಪದ ಕೋನಿಗಿಯೈ. ಅದು ಇವರದ್ದೇ. ಮೊದಲನೇ ಪದ ಬದಲಾಗುತ್ತ ಬಂದರೂ ಈ ಪದ 1771ರಿಂದ ಹಾಗೆಯೇ ಉಳಿದಿದೆ.

ಲಿನೇಯಸರಿಗೆ ರಾಜಮನ್ನಣೆ ಬಂತು, ವಾನ್ ಲಿನ್ನೆ ಎಂಬ ಕುಲೀನ ಪದವಿ ಬಂತು, ಉಪ್ಸಾಲಾದ ಬಳಿ ಹಮ್ಮರ್‌ಬಿ ಎಂಬ ತೋಟದ ಮನೆಯಾಯಿತು. 1774ರಲ್ಲಿ ಪಾರ್ಶ್ವವಾಯು ಬಡಿಯಿತು. 1776ರಲ್ಲಿ ಮತ್ತೊಮ್ಮೆ ಬಡಿದಾಗ ಬಲಭಾಗದ ಶಕ್ತಿ ಹೋಯಿತು, ನೆನಪೂ ಹೋಯಿತು. ಬಾಲ್ಯದಲ್ಲಿ ತಂದೆಗೆ ಮಾತು ಕೊಟ್ಟು ಕಟ್ಟಿಕೊಂಡದ್ದೆಲ್ಲ ಕಳಚಿತು. ತಾವೇ ಬರೆದ ಪುಸ್ತಕವನ್ನು ಮುಂದಿಟ್ಟರೆ ಮೆಚ್ಚಿಕೊಂಡು ನೋಡುತ್ತಿದ್ದರು; ಅದನ್ನು ಬರೆದವರು ತಾವೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಇಂತಹ ಹಿರಿಯರನ್ನು ನೋಡಿಕೊಳ್ಳುತ್ತಿರುವ ನಮ್ಮ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1778ರ ಜನವರಿ 10ರಂದು ಅವರು ತೀರಿಕೊಂಡರು. ಉಪ್ಸಾಲಾದ ಪ್ರಧಾನಾಲಯದಲ್ಲಿ ಸಮಾಧಿ ಮಾಡಲಾಯಿತು. ಗಿಡ ಒಣಗಿಸಿ ಅಂಟಿಸಿದ ಅವರ ಹಾಳೆಗಳನ್ನೂ ಪುಸ್ತಕಗಳನ್ನೂ 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ತರುಣ ಕೊಂಡರು. ಅವು ಲಂಡನ್ನಿನಲ್ಲಿವೆ. ಹಾಳೆಗಳ ಮೇಲೆ ಅವರ ಕೈಬರಹದ ಹೆಸರುಗಳನ್ನು ಈಗಲೂ ಓದಬಹುದು.